ಗುರಾಣಿಯವನ ನೀಲಿ ಹೊದಿಕೆ

ಫೆಬ್ರವರಿ ೯

ಕೊಡಲಿವೀರನಿಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ಕೈ ಸೇರಿತು. ಊಟ ಸೇರುತ್ತದೋ, ನಿದ್ದೆ ಬರುತ್ತದೋ ಎಂದು ನಾನು ಕೇಳಿದ ಒಂದಕ್ಕೂ ಉತ್ತರವಿಲ್ಲ, ಕಾಗದದ ತುಂಬ ಆಟದ ಮಾತೇ. ಜೈಲಿನೊಳಗೆ ದಾಳ ಇಟ್ಟುಕೊಳ್ಳುವಂತಿಲ್ಲ, ಗೊಂಬೆ ಇಟ್ಟುಕೊಳ್ಳುವಂತಿಲ್ಲ, ಅದಕ್ಕೆ ನೀನು ಮನೆಯಲ್ಲಿ ಆಟ ಹೂಡು, ನಾನು ಇಲ್ಲಿಂದ ನಡೆ ಬರೆದು ಕಳಿಸುತ್ತೇನೆ, ನನ್ನ ದಾಳವನ್ನೂ ನೀನೇ ಎಸೆ ಎಂದಿದ್ದೀ. ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ. ನನಗೆ ಅರವತ್ತಾಗಲು ಇನ್ನೂ ಸ್ವಲ್ಪ ಕಾಲವಿದೆ, ಆದರೂ ನಿನಗಾಗಿ ಬೇಗ ಶುರು ಮಾಡಿದ್ದೇನೆ.

ಕೆಲಸದ ಮೇಜಿನ ಮೇಲಿದ್ದ ಹಲ್ಲುಸೆಟ್ಟುಗಳನ್ನೆಲ್ಲ ಒಂದು ಬದಿಗೆ ಸರಿಸಿ ಡಬ್ಬಿ ತೆಗೆದೆ. ನಿನ್ನ ನೆಲಮಾಳಿಗೆಯ ರಟ್ಟಿನ ಕೋಣೆಗಳನ್ನು ಒಂದಕ್ಕೊಂದು ಜೋಡಿಸಿದೆ. ನಿಯಮದ ಪುಸ್ತಕವನ್ನೂ ಓದಿದ್ದಾಯಿತು. ನನಗೆ ತಿಳಿದದ್ದು ಇಷ್ಟು: ನಿನ್ನ ಕೊಡಲಿಯವನು, ಅಕ್ಕನ ದೀಪದವಳು, ಭಾವನ ಗುರಾಣಿಯವನು, ಈ ಮೂರು ಗೊಂಬೆಗಳು ಮೆಟ್ಟಿಲಿಳಿದು ಕತ್ತಲೆಗೆ ಹೋಗಬೇಕು, ಬಾಗಿಲು ತೆರೆದಾಗಲೆಲ್ಲ ಒಂದು ಚೀಟಿ ಎತ್ತಬೇಕು, ಚೀಟಿಯಲ್ಲಿ ಬಂದ ಪಿಶಾಚಿಯ ಜೊತೆ ದಾಳ ಎಸೆದು ಹೊಡೆದಾಡಬೇಕು, ಕೊನೆಯ ಕೋಣೆ ದಾಟಿ ಜೀವಸಹಿತ ಹೊರಗೆ ಬರಬೇಕು. ಇಷ್ಟಕ್ಕೆ ನೀನು, ಅಕ್ಕ, ಭಾವ ಮೂವರೂ ಭಾನುವಾರ ಪೂರ್ತಿ ತಟ್ಟೆ ಮುಟ್ಟದೆ ಕೂರುತ್ತಿದ್ದಿರಲ್ಲ!

ನಿನ್ನ ಅಸ್ಥಿಪಂಜರಗಳ ಬಾಯಿ ನೋಡಿದೆ. ಬಾಚಿಹಲ್ಲೇ ಆರು, ಕೋರೆಹಲ್ಲು ಒಂದೂ ಇಲ್ಲ. ಆ ಗೊಂಬೆ ಮಾಡಿದವನು ಜನ್ಮದಲ್ಲಿ ಕನ್ನಡಿ ನೋಡಿಲ್ಲ. ಬಣ್ಣ ಕಾಣದ ಗೊಂಬೆಗಳೇ ಡಬ್ಬಿಯ ತುಂಬ ಇವೆ. ಇಷ್ಟು ವರ್ಷ ಊರವರ ಬಾಯಿಗೆ ಹಲ್ಲು ಮಾಡಿ ಬಣ್ಣ ಹೊಂದಿಸಿದ ಕೈ ಇದು, ಇವಕ್ಕೂ ನಾನೇ ಹಚ್ಚುತ್ತೇನೆ.

ಅಕ್ಕನ ವಿಷಯ ಕೇಳಿದ್ದೀ. ಭಾನುವಾರ ಬಂದಿದ್ದಳು. ನಿನಗೆ ಕಾಗದ ಬರೆಯಲು ಅವಳಿಗಿನ್ನೂ ಮನಸ್ಸು ಬರುತ್ತಿಲ್ಲ, ಒತ್ತಾಯ ಮಾಡಬೇಡ. ಆದರೆ ಅವಳ ದೀಪದವಳನ್ನು ಅವಳೇ ನಡೆಸುತ್ತಾಳಂತೆ. “ಆಡ್ಲಿ ಬಿಡಮ್ಮ, ನಾನೂ ಒಂದು ಕೈ ಆಡ್ತೀನಿ” ಅಂದಳು.

ಭಾವನ ಗುರಾಣಿಯವನು ಡಬ್ಬಿಯ ಮೂಲೆಯಲ್ಲಿ ಮಲಗಿದ್ದಾನೆ. ಬೆನ್ನ ಮೇಲಿನ ಹೊದಿಕೆ ಅರ್ಧ ನೀಲಿ, ಇನ್ನರ್ಧ ಇನ್ನೂ ಬೂದು. ಅವನನ್ನು ಏನು ಮಾಡಲಿ, ಬರೆ.

ನಿನ್ನ ಅಮ್ಮ


ಮಾರ್ಚ್ ೩

ಅಮ್ಮಾ,

ನಿನ್ನ ಕಾಗದ ನನ್ನ ಕೈಗೆ ಬರುವ ಮೊದಲೇ, ಪತ್ರಗಳನ್ನು ಓದಿ ಮುದ್ರೆ ಒತ್ತುವ ಸಾಹೇಬರು ನನ್ನನ್ನು ಕರೆಸಿದರು. “ಏನಯ್ಯಾ ಇದು? ಬಾಗಿಲು ಒಡೀಬೇಕು, ನೆಲದಡಿಯಿಂದ ಜೀವಸಹಿತ ಆಚೆ ಬರ್ಬೇಕು ಅಂತೆಲ್ಲ ಇದೆ. ಅಮ್ಮ ಮಗ ಸೇರ್ಕೊಂಡು ಏನ್ ಹೂಡ್ತಿದೀರ?” ಅಂದರು. ಕೂತು ನಿಯಮವೆಲ್ಲ ಹೇಳಿದೆ. ಗದರಿಸಿ ಕಳಿಸಿದರು. ನಾನು ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ, “ಎಡಗಡೆ ಬಾಗಿಲಿಗೆ ಹೋಗ್ಬೇಡ, ಅಲ್ಲೇನೋ ಇರುತ್ತೆ” ಅಂದರು. ಅವರ ಮಾತು ಕೇಳಿ ಬಲಗಡೆಯ ಬಾಗಿಲು ತೆರೆಯುತ್ತೇನೆ. ಕೊಡಲಿಯವನು ಮುಂದೆ, ದೀಪದವಳು ಅವನ ಬೆನ್ನಿಗೆ.

ಊಟ ಸೇರುತ್ತದೆ. ಇಲ್ಲಿ ಬಟ್ಟೆ ಒಗೆಯುವ ಕೆಲಸ ಕೊಟ್ಟಿದ್ದಾರೆ. ಕೈಯೆಲ್ಲ ಸೋಡಾದಿಂದ ಬಿರುಕು ಬಿಟ್ಟಿದೆ. ಅಷ್ಟೇ.

ಗುರಾಣಿಯವನನ್ನು ಆಟಕ್ಕೆ ತರಬೇಡ. ನೀನು ಕೇಳಿದಾಗಿನಿಂದ ನನ್ನ ತಲೆಯಲ್ಲಿ ಅದೇ ಇದೆ. ಭಾವ ಆ ಹೊದಿಕೆಗೆ ಬಣ್ಣ ಹಚ್ಚುತ್ತಿದ್ದಾಗಲೇ ನೀಲಿ ಮುಗಿಯಿತು. ಅಂಗಡಿ ಮುಚ್ಚುವುದರೊಳಗೆ ಒಂದು ಸೀಸೆ ತರೋಣ ಎಂದು ಎದ್ದರು. ಗಾಡಿ ನಾನು ಓಡಿಸುತ್ತೇನೆ ಎಂದೆ. “ಬೇಡ ಮಾರಾಯ, ನೀನು ಕುಡಿದಿದೀಯ, ಕೀಲಿ ಕೊಡು” ಅಂದರು. ನಾನು ಕೊಡಲಿಲ್ಲ. ಹೋಗುವಾಗ ಏನೂ ಆಗಲಿಲ್ಲ ಅಮ್ಮ. ನೀಲಿ ಕೊಂಡು ಬರುವಾಗ ಅಪಘಾತವಾಯಿತು. ಹೋಗುವಾಗ ಇದ್ದ ವೇಗದಲ್ಲಿ ಆಗಿದ್ದರೆ ಭಾವನ ಜೊತೆ ನಾನೂ ಸಾಯುತ್ತಿದ್ದೆನೇನೋ ಎಂದು ಸುಮ್ಮನೆ ಲೆಕ್ಕ ಹಾಕುತ್ತಿರುತ್ತೇನೆ.

ಅಕ್ಕ ಒಂದು ಕೈ ಆಡುತ್ತೇನೆ ಅಂದದ್ದು ನಿಜವಾ? ಆ ಸಾಲನ್ನು ಓದಿ ಓದಿ ಕಾಗದದ ಮಡಿಕೆ ಹರಿದಿದೆ. ಅವಳು ಏನು ಮಾಡಿದಳು, ಹೇಗೆ ಕೂತಿದ್ದಳು, ದಾಳ ಎಸೆಯುವಾಗ ಮುಖ ಹೇಗಿತ್ತು, ಎಲ್ಲ ಬರೆ.

ಮಗ


ಏಪ್ರಿಲ್ ೧೪

ಕೊಡಲಿವೀರನಿಗೆ,

ಬಲಗಡೆ ಬಾಗಿಲಿನ ಹಿಂದೆ ಇಲಿಮೋರೆಯವರು ನಾಲ್ವರಿದ್ದರು. ಸಾಹೇಬರಿಗೆ ಹೇಳು, ಅವರ ಸಲಹೆಗೆ ನನ್ನ ನಮಸ್ಕಾರ. ನಿನ್ನ ಕೆಂಪು ದಾಳ ಚೆನ್ನಾಗಿಯೇ ಬಿತ್ತು, ಇಬ್ಬರು ಅಲ್ಲೇ ಉರುಳಿದರು. ಉಳಿದ ಇಬ್ಬರು ನಿನ್ನ ಮೇಲೆ ಬಿದ್ದು ಮೈಯೆಲ್ಲ ಗಾಯ ಮಾಡಿದರು. ಆಗ ಅಕ್ಕ ದೀಪದ ದಾಳ ಎಸೆದಳು. ಎರಡು ಬಿತ್ತು. ನಿನ್ನ ಎರಡು ಗಾಯ ಮಾಯವಾದವು. ಮತ್ತೆ ಎಸೆದಳು, ಮೂರು. ಮುಖ ಹೇಗಿತ್ತು ಅಂತ ಕೇಳಿದ್ದೀಯಲ್ಲ, ತುಟಿ ಕಚ್ಚಿಕೊಂಡಿದ್ದಳು, ಚಿಕ್ಕಂದಿನಲ್ಲಿ ಸೂಜಿಗೆ ದಾರ ಪೋಣಿಸುವಾಗ ಕಚ್ಚಿಕೊಳ್ಳುತ್ತಿದ್ದಳಲ್ಲ, ಹಾಗೆ. “ಇವನು ಯಾವಾಗ್ಲೂ ಮುಂದೆ ನುಗ್ತಾನೆ, ಹಿಂದಿರೋರು ಸಾಯ್ಬೇಕು” ಅಂದಳು. ಅಂದರೂ ದೀಪ ಹಿಡಿದಳು.

ಅಸ್ಥಿಪಂಜರಗಳಿಗೆಲ್ಲ ಬಣ್ಣ ಹಚ್ಚಿ ಮುಗಿಸಿದೆ. ಹಲ್ಲಿಗೆ ಮಾತ್ರ ನಮ್ಮ ಲ್ಯಾಬಿನ ಮಾದರಿ ನೋಡಿ, ಬೀಡಿ ಸೇದುವವನ ಹಳದಿ ಹಚ್ಚಿದ್ದೇನೆ. ಸತ್ತು ನೂರು ವರ್ಷವಾದವನಿಗೆ ಬಿಳಿ ಹಲ್ಲು ಎಲ್ಲಿಂದ ಬರಬೇಕು? ನಮ್ಮ ಡಾಕ್ಟರು ಲ್ಯಾಬಿನ ಮೇಜಿನ ಮೇಲಿದ್ದ ಒಂದನ್ನು ಎತ್ತಿ ನೋಡಿ, “ಇದು ಯಾವ ಪೇಷಂಟು?” ಅಂದರು.

ಇನ್ನೊಂದು ಮಾತು. ಗುರಾಣಿಯವನ ಹೊದಿಕೆಯನ್ನು ಮುಗಿಸಿಬಿಟ್ಟೆ. ಡಬ್ಬಿ ತೆಗೆದಾಗಲೆಲ್ಲ ಆ ಅರ್ಧ ಬೂದು ಕಣ್ಣಿಗೆ ಚುಚ್ಚುತ್ತಿತ್ತು. ಅರ್ಧ ಬಿಟ್ಟ ಕೆಲಸ ನಮ್ಮ ಕಸುಬಿನವರಿಗೆ ಹಲ್ಲುಸಂದಿಗೆ ಸಿಕ್ಕ ನಾರಿನ ಹಾಗೆ, ನಾಲಿಗೆ ಅಲ್ಲೇ ಹೋಗುತ್ತದೆ. ಪೊಲೀಸರು ವಾಪಸು ಕೊಟ್ಟ ಚೀಲದಲ್ಲಿ ಭಾವ ಕೊಂಡಿದ್ದ ಆ ನೀಲಿ ಸೀಸೆ ಹಾಗೇ ಇತ್ತು, ಮುಚ್ಚಳವನ್ನೂ ತೆಗೆದಿರಲಿಲ್ಲ. ಅದಕ್ಕೇ ಅಂತ ತಂದದ್ದಲ್ಲವೇ, ಅದರಲ್ಲೇ ಹಚ್ಚಿದೆ. ಹಳೆಯ ನೀಲಿಗೂ ಇದಕ್ಕೂ ಒಂದು ಎಳೆ ವ್ಯತ್ಯಾಸ ಬಂತು. ಒಂದೇ ಬಾಯಲ್ಲಿ ಎರಡು ಬಣ್ಣದ ಹಲ್ಲು ಇಡಲಾಗುತ್ತದೆಯೇ? ಮೇಲಿಂದ ಕೆಳಗೆ ಇಡೀ ಹೊದಿಕೆಗೆ ಎರಡು ಸಲ ಹಚ್ಚಿ ಒಂದು ಮಾಡಿದೆ. ಮೇಲೆ ವಾರ್ನಿಶ್ ಕೊಟ್ಟೆ. ನೋಡಿದರೆ ಭಾವನೇ ಹಚ್ಚಿದ್ದು ಅನ್ನಬೇಕು, ಹಾಗಿದೆ.

ಕೈಗೆ ಎಣ್ಣೆ ಹಚ್ಚಿಕೋ.

ಅಮ್ಮ


ಮೇ ೨೦

ಅಮ್ಮಾ,

ಹೊದಿಕೆ ಮುಗಿಸಿದ್ದು ಒಳ್ಳೆಯದಾಯಿತು. ಭಾವ ನೋಡಿದ್ದರೆ ಖುಷಿಪಡುತ್ತಿದ್ದರು. ಅವರು ದಿನವಿಡೀ ಗಡಿಯಾರ ರಿಪೇರಿ ಮಾಡಿ ಬಂದು, ಅದೇ ಕಣ್ಣಿಗೆ ಮತ್ತೆ ಭೂತಗನ್ನಡಿ ಸಿಕ್ಕಿಸಿಕೊಂಡು ಉಸಿರು ಹಿಡಿದು ಬ್ರಷ್ ಇಡುತ್ತಿದ್ದದ್ದು ನೆನಪಾಯಿತು.

ಈಗ ದೊಡ್ಡ ಸುದ್ದಿ. ಒಳ್ಳೆಯ ನಡತೆಯವರನ್ನು ಅವಧಿಗೆ ಮೊದಲೇ ಬಿಡುವ ಸಮಿತಿ ಒಂದಿದೆ. ಈ ಸಲದ ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ. ಆದರೆ ಸತ್ತವರ ಮನೆಯವರನ್ನು ಕೇಳದೆ ಅವರು ಏನೂ ಮಾಡುವುದಿಲ್ಲ. ನನ್ನಂಥವರು ಬಹಳ ಜನ ಅಲ್ಲೇ ನಿಂತುಹೋಗುತ್ತಾರೆ. ಯಾರನ್ನು ಕೇಳಬೇಕು ಅಂದರು. ಅವರ ಹೆಂಡತಿಯನ್ನು, ಅವರು ನನ್ನ ಅಕ್ಕ ಅಂದೆ. ಅಲ್ಲಿದ್ದವರು ಮುಖ ಮುಖ ನೋಡಿಕೊಂಡರು. “ಅವರು ನಿನ್ನ ಜೊತೆ ಮಾತಾಡ್ತಾರಾ?” ಅಂತ ಒಬ್ಬರು ಕೇಳಿದರು. ಮಾತಾಡಲ್ಲ ಸರ್, ಆದರೆ ಪ್ರತಿ ಭಾನುವಾರ ನನ್ನ ಜೊತೆ ಆಟ ಆಡುತ್ತಾರೆ, ನನಗೆ ಗಾಯವಾದಾಗಲೆಲ್ಲ ಅವರೇ ದೀಪ ಹಿಡಿದು ಉಳಿಸುತ್ತಿದ್ದಾರೆ ಅಂದೆ. ಎಲ್ಲ ಬರೆದುಕೊಂಡರು. ಪತ್ರ ಓದುವ ಸಾಹೇಬರೂ ಬಂದು ಸಾಕ್ಷಿ ಹೇಳಿದರು.

ಅಮ್ಮ, ನಾನು ಇಲ್ಲಿಗೆ ಬಂದ ಮೇಲೆ ಏನನ್ನೂ ಬಯಸಿರಲಿಲ್ಲ. ಬಯಸುವುದಕ್ಕೆ ನಾಚಿಕೆಯಾಗುತ್ತಿತ್ತು. ಈಗ ಆಸೆಯಾಗುತ್ತಿದೆ. ಹೊರಗೆ ಬರಬೇಕು ಅನ್ನುವುದಕ್ಕಿಂತ, ಅಕ್ಕ ಒಂದು ಕಾಗದದ ಮೇಲೆ ಹೂಂ ಅಂತ ಬರೆಯಬೇಕು ಅಂತ. ಅವಳ ವಿಳಾಸ ಎಂದು ನಮ್ಮ ಮನೆಯದನ್ನೇ ಕೊಟ್ಟಿದ್ದೇನೆ. ಬೇರೆ ಇದ್ದರೆ ಅವರೇ ಹುಡುಕಿಕೊಳ್ಳುತ್ತಾರಂತೆ.

ಕಲ್ಲುರಾಕ್ಷಸನ ಕೋಣೆಯ ಮುಂದೆ ನಿಂತಿದ್ದೇನೆ. ಬಾಗಿಲು ತೆರೆಯುವ ಮೊದಲು ಅಕ್ಕ ಒಂದು ಸಲ ದೀಪದ ದಾಳ ಎಸೆಯಲಿ. ಏನು ಬಿತ್ತು ಅಂತ ಬೇಗ ಬರೆ.

ಮಗ


ಜೂನ್ ೮

ಮಗನಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ಸಮಿತಿಯವರಿಗೆ ಅಕ್ಕನ ಹೆಸರು ಯಾಕೆ ಕೊಟ್ಟೆ? ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ನನ್ನ ಹೆಸರು ಕೊಡು. ಸತ್ತವರು ನನಗೂ ಅಳಿಯ. ನಾನು ಬಂದು ಸಾಹೇಬರ ಮುಂದೆ ನಿಂತು ಹೂಂ ಅನ್ನುತ್ತೇನೆ. ಅಕ್ಕನಿಗೆ ಕೆಲಸದ ಗಲಾಟೆ, ಇದರಲ್ಲಿ ಅವಳನ್ನು ಎಳೆಯಬೇಡ. ಈ ಸಲ ಬೇಡ, ಮುಂದಿನ ಪಟ್ಟಿಯಲ್ಲಿ ನೋಡೋಣ ಎಂದು ಬರೆದುಕೊಡು. ಅವಸರ ಮಾಡಿದರೆ ಎಲ್ಲ ಕೆಡುತ್ತದೆ.

ದೀಪದ ದಾಳ ಕೇಳಿದ್ದೀಯಲ್ಲ. ಅಕ್ಕ ಎಸೆದಳು. ನಾಲ್ಕು ಬಿತ್ತು. ನಿನ್ನ ಗಾಯವೆಲ್ಲ ಮಾಯ. ಸಮಾಧಾನವಾಗಿರು.

ಅಮ್ಮ


ಜೂನ್ ೧೯

ಅಮ್ಮಾ,

ಆ ದಾಳಕ್ಕೆ ನಾಲ್ಕೇ ಇಲ್ಲ.

ಅದು ಡಬ್ಬಿಯಲ್ಲಿ ಬಂದ ದಾಳವಲ್ಲ, ಭಾವ ತಾವೇ ಸೇರಿಸಿದ ನಿಯಮ. ನೀನು ಹಲ್ಲು ಮಾಡುವ ಪುಡಿ ಕಲಸಿ ಚೌಕದ ಗಟ್ಟಿ ಮಾಡಿಕೊಟ್ಟೆ, ಅದಕ್ಕೆ ಚುಕ್ಕಿ ಕೊರೆದವರು ಅವರು. ಒಂದು ಎರಡು ಕಡೆ, ಎರಡು ಎರಡು ಕಡೆ, ಮೂರು ಒಂದೇ ಕಡೆ, ಇನ್ನೊಂದು ಮುಖ ಪೂರ್ತಿ ಕಪ್ಪು. ಕಪ್ಪು ಬಿದ್ದರೆ ದೀಪ ಆರಿದ ಹಾಗೆ. ಚುಕ್ಕಿ ಕೊರೆದ ಮೇಲೆ ಅದನ್ನು ಒಂದೇ ಒಂದು ಸಲ ಕೈಯಲ್ಲಿ ಹಿಡಿದಿದ್ದರೂ ನೀನು ನಾಲ್ಕು ಅಂತ ಬರೆಯುತ್ತಿರಲಿಲ್ಲ.

ದಾಳ ಎಲ್ಲಿದೆ? ಅಕ್ಕ ಎಲ್ಲಿದ್ದಾಳೆ?

ಮಗ


ಜುಲೈ ೩೦

ಮಗನಿಗೆ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಇನ್ನೊಂದು ಸುಳ್ಳು ತಾನಾಗಿಯೇ ಬರುತ್ತಿತ್ತು. ದಾಳ ಕೈತಪ್ಪಿ ಬದಲಾಯಿತು, ನಾನು ಮೂರನ್ನೇ ನಾಲ್ಕು ಎಂದು ಓದಿದೆ, ಹೀಗೆ. ಬರೆದು ಹರಿದು ಹಾಕಿದೆ.

ಅಕ್ಕ ಬರುವುದಿಲ್ಲ. ನಿನ್ನನ್ನು ಕರೆದುಕೊಂಡು ಹೋದ ವಾರವೇ ಅವಳೂ ಹೋದಳು. ಬೇರೆ ಊರಿನಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಳೆಂದು ಅವಳ ಗೆಳತಿಯಿಂದ ತಿಳಿಯಿತು. ನೀನಿನ್ನೂ ಠಾಣೆಯಲ್ಲಿದ್ದಾಗ ಊಟ ತಗೊಂಡು ಹೋಗಿ ನಿನ್ನನ್ನು ನೋಡಿ ಬಂದೆನಲ್ಲ, ಅವತ್ತು ಬಾಗಿಲಲ್ಲಿ ನಿಂತಿದ್ದಳು. “ಅವನಿಗೆ ಊಟ ಕೊಟ್ಟು ಬಂದ್ಯಾ? ಸರಿ, ನಿನಗೆ ಮಗ ಇದಾನೆ. ಮಗಳು ಇಲ್ಲ ಅಂದ್ಕೋ” ಅಂದಳು. ದೀಪದವಳನ್ನೂ ಆ ದಾಳವನ್ನೂ ಮಾತ್ರ ತೆಗೆದುಕೊಂಡು ಹೋದಳು. ನಿನ್ನ ಭಾವನ ಚೀಲವನ್ನು ಮುಟ್ಟಿಯೂ ನೋಡಲಿಲ್ಲ. ಆಮೇಲೆ ನನಗೆ ಒಂದು ಸಾಲು ಬರೆದಿಲ್ಲ.

ನಾನು ದೀಪದವಳ ಜಾಗದಲ್ಲಿ ಲ್ಯಾಬಿನ ಒಂದು ದವಡೆಹಲ್ಲು ನಿಲ್ಲಿಸಿಕೊಂಡು ಆಡುತ್ತಿದ್ದೆ. ಅವಳ ಮಾತು, ಅವಳು ತುಟಿ ಕಚ್ಚಿಕೊಂಡದ್ದು, ಎಲ್ಲ ನಾನು ಹುಟ್ಟಿಸಿದ್ದು. ಮೊದಲು ನಿನಗೋಸ್ಕರ ಎಂದು ಬರೆದೆ. ಆಮೇಲೆ ನನಗೇ ಬೇಕಾಗತೊಡಗಿತು. ಭಾನುವಾರ ಬಂದರೆ ಎರಡು ಲೋಟ ತೊಳೆದಿಡುತ್ತಿದ್ದೆ. ಹುಚ್ಚು ಎನ್ನು, ಏನಾದರೂ ಎನ್ನು. ನಿಮ್ಮಿಬ್ಬರನ್ನೂ ಒಂದು ಮೇಜಿಗೆ ಕೂರಿಸಲು ನನಗೆ ಬೇರೆ ದಾರಿ ಗೊತ್ತಿರಲಿಲ್ಲ.

ಇನ್ನೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ನಿನ್ನ ಕೊಡಲಿಯವನು ಮೊದಲ ಬಾಗಿಲಲ್ಲೇ ಸತ್ತ. ಇಲಿಮೋರೆಯವರು ಬಂದ ದಿನ. ಕೆಂಪು ದಾಳ ಎರಡು ಸಲವೂ ಖಾಲಿ ಬಿತ್ತು. ಪುಸ್ತಕ ತೆಗೆದು ಮತ್ತೆ ಮತ್ತೆ ಓದಿದೆ, ಬದುಕಿಸುವ ನಿಯಮ ಎಲ್ಲೂ ಇಲ್ಲ. ಅವನನ್ನು ಎತ್ತಿ ಮತ್ತೆ ನಿಲ್ಲಿಸಿದೆ. ಆಮೇಲೆ ನಾನು ದಾಳವನ್ನೇ ಎಸೆದಿಲ್ಲ.

ಸಮಿತಿಯ ಲಕೋಟೆ ಅಕ್ಕನ ಹೆಸರಿಗೆ ಇಲ್ಲಿಗೆ ಬಂತು. ನಾನು ತೆಗೆದುಕೊಳ್ಳಲಿಲ್ಲ. ಅವರು ಅವಳ ಊರಿನ ವಿಳಾಸ ಹುಡುಕಿಕೊಂಡರು ಎಂದು ಅಂಚೆಯವನು ಹೇಳಿದ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾನು ಹಾಕುತ್ತಿದ್ದೇನೆ.

ಅಮ್ಮ


ಆಗಸ್ಟ್ ೧೧

ಅಮ್ಮಾ,

ಓದಿದೆ. ಸಾಹೇಬರೂ ಓದಿದ್ದರು. ಕಾಗದ ಕೊಡುವಾಗ ನನ್ನ ಮುಖ ನೋಡಲಿಲ್ಲ.

ನಿನ್ನ ಮೇಲೆ ಕೋಪ ಮಾಡಿಕೊಳ್ಳಲು ನೋಡಿದೆ. ಅಷ್ಟು ಯೋಗ್ಯತೆ ನನಗಿಲ್ಲ. ಆದರೆ ಒಂದು ಮಾತು ಹೇಳಬೇಕು. ಇಲ್ಲಿ ಎದ್ದೇಳುವುದು, ಉಣ್ಣುವುದು, ದೀಪ ಆರಿಸುವುದು ಎಲ್ಲವನ್ನೂ ಬೇರೆಯವರು ಮೊದಲೇ ನಿಶ್ಚಯ ಮಾಡಿರುತ್ತಾರೆ. ಆ ದಾಳವೊಂದನ್ನು ಮಾತ್ರ ಯಾರೂ ನಿಶ್ಚಯ ಮಾಡಿಲ್ಲ, ಅದು ಬಿದ್ದ ಹಾಗೆ ನನಗೆ ಸಿಗುತ್ತಿದೆ ಎಂದುಕೊಂಡಿದ್ದೆ. ಸತ್ತಿದ್ದರೆ ಸತ್ತೆ ಎಂದು ಬರೆಯಬೇಕಿತ್ತು ಅಮ್ಮ. ಸಾಯುವುದು ನನಗೆ ಸಲ್ಲಬೇಕಾದದ್ದೇ ಆಗಿತ್ತು.

ಅಕ್ಕ ನನ್ನನ್ನು ಕ್ಷಮಿಸಿದ್ದಾಳೆಂದು ಇಲ್ಲಿ ಎಲ್ಲರೆದುರು ಎದೆ ತಟ್ಟಿ ಹೇಳಿದೆ. ಅದು ಈಗ ಕಾಗದದಲ್ಲಿ ಅವಳ ಕೈಗೆ ಹೋಗಿರುತ್ತದೆ.

ಇನ್ನು ಆಟ ಬೇಡ. ಡಬ್ಬಿ ಕಟ್ಟಿಡು.

ಮಗ


ಸೆಪ್ಟೆಂಬರ್ ೧೫

ತಮ್ಮನಿಗೆ,

ಸಮಿತಿಯವರು ಇಬ್ಬರು ಅಂಗಡಿಗೇ ಬಂದಿದ್ದರು. ಗಿರಾಕಿಗಳು ನಿಂತಿದ್ದರು. ಒಬ್ಬರು ನಗುತ್ತ, “ನೀವು ಆಟದಲ್ಲಿ ತಮ್ಮನನ್ನ ತುಂಬ ಸಲ ಉಳಿಸಿದೀರಂತೆ” ಅಂದರು. ನನಗೆ ಅರ್ಥವಾಗಲಿಲ್ಲ. ನೀನು ಹೇಳಿದ್ದನ್ನೆಲ್ಲ ಓದಿ ಹೇಳಿದರು. ಮಾತ್ರೆಯ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ಕೇಳಿದೆ.

ಯಾರು ಮಾಡಿದ್ದು ಎಂದು ಕೇಳಬೇಕಾಗಿಲ್ಲ. ಮುರಿದ ಬಾಯಿ ಎಲ್ಲಿ ಕಂಡರೂ ಅಮ್ಮ ಒಂದು ಹಲ್ಲು ಮಾಡಿ ಕೂರಿಸುತ್ತಾಳೆ. ನನ್ನ ಬಾಯಿಗೂ ಕೂರಿಸಿದ್ದಾಳೆ. ಅವಳು ನನ್ನ ಕೈಯಲ್ಲಿ ನಿನಗೆ ದೀಪ ಹಿಡಿಸಿದ್ದಾಳೆ, ನನ್ನನ್ನು ಒಂದು ಮಾತು ಕೇಳದೆ.

ನಾನು ಬೇಡ ಎಂದು ಬರೆದುಕೊಟ್ಟೆ. ಅದು ನಿನಗೆ ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ನೀನು ಇನ್ನಷ್ಟು ಕಾಲ ಕೊಳೆಯಬೇಕೆಂದು ನನಗೆ ಆಸೆಯಿಲ್ಲ. ಅವರು ಮುಂದಿಟ್ಟ ಕಾಗದದಲ್ಲಿ ‘ನನ್ನ ಮನಸ್ಸಿನಲ್ಲಿ ಯಾವ ದುಃಖವೂ ಉಳಿದಿಲ್ಲ’ ಎಂಬ ಸಾಲಿತ್ತು. ಅದರ ಕೆಳಗೆ ನನ್ನಿಂದ ರುಜು ಹಾಕಲಾಗಲಿಲ್ಲ. ನೀನಾಗಿದ್ದರೂ ಹಾಕುತ್ತಿರಲಿಲ್ಲ.

ಒಂದು ವಸ್ತು ಬೇಕು. ಅಮ್ಮನಿಗೆ ನಾನು ಬರೆಯುವುದಿಲ್ಲ, ನೀನೇ ಹೇಳು. ಅವರ ಗುರಾಣಿಯವನು ಡಬ್ಬಿಯಲ್ಲಿದ್ದಾನೆ. ಹೊರಡುವ ಗಡಿಬಿಡಿಯಲ್ಲಿ ನನ್ನ ಗೊಂಬೆಯನ್ನು ತಂದೆ, ಅವರದನ್ನು ನೋಡಲು ಧೈರ್ಯವಾಗಲಿಲ್ಲ. ಈಗ ಬೇಕು. ಮೊನ್ನೆ ಅವರ ಅಂಗಿಯನ್ನು ತೆಗೆದೆ, ವಾಸನೆ ಹೋಗಿದೆ. ಅವರ ಗಡಿಯಾರಗಳು ಗಿರಾಕಿಗಳ ಮನೆಗೆ ಹೋದವು. ಅವರ ಕೈಬರಹವೂ ನನ್ನ ಹತ್ತಿರವಿಲ್ಲ, ಒಂದೇ ಮನೆಯಲ್ಲಿದ್ದವರು ಯಾರಿಗೆ ಕಾಗದ ಬರೆಯಬೇಕು? ಅವರ ಕೈ ಎಲ್ಲಾದರೂ ಉಳಿದಿದ್ದರೆ ಆ ಅರ್ಧ ಹೊದಿಕೆಯ ಮೇಲೆ. ನೀಲಿ ನಿಂತ ಕಡೆ ಒಂದು ಬ್ರಷ್ಷಿನ ಗೆರೆ ಓರೆಯಾಗಿ ಎಳೆದುಹೋಗಿದೆ. ನಾನು ಅಡುಗೆಮನೆಯಿಂದ ಕರೆದೆ, ಅವರ ಕೈ ಅಲುಗಿತು. “ನೋಡು, ನಿನ್ನಿಂದ ಹಾಳಾಯ್ತು” ಎಂದು ನಕ್ಕರು. ಆ ಗೆರೆ ನನಗೆ ಬೇಕು.

ಅದನ್ನು ಒರೆಸಬೇಡ, ತೊಳೆಯಬೇಡ, ಹೇಗಿದೆಯೋ ಹಾಗೇ ಹತ್ತಿಯಲ್ಲಿ ಸುತ್ತಿ ಕಳಿಸು ಎಂದು ಹೇಳು. ಅಷ್ಟು ಮಾಡಿದರೆ, ಯಾವತ್ತಾದರೂ ಅಮ್ಮನಿಗೆ ಒಂದು ಕಾಗದ ಬರೆಯಲು ನನಗೆ ಸಾಧ್ಯವಾಗಬಹುದು.

ಅಕ್ಕ


ಸೆಪ್ಟೆಂಬರ್ ೨೭

ಅಮ್ಮಾ,

ಇದರ ಜೊತೆ ಅಕ್ಕನ ಕಾಗದವನ್ನೇ ಇಟ್ಟಿದ್ದೇನೆ. ನನ್ನ ಬಾಯಿಂದ ಹೇಳಿದರೆ ನಾನೂ ಏನಾದರೂ ಮೆತ್ತಗೆ ಮಾಡಿಬಿಡುತ್ತೇನೋ ಎಂದು ಭಯ.

ನೀನು ಏಪ್ರಿಲಿನಲ್ಲಿ ಬರೆದದ್ದು ನೆನಪಿದೆ. ಒಳ್ಳೆಯದಾಯಿತು ಎಂದು ನಾನು ಬರೆದದ್ದೂ ನೆನಪಿದೆ. ಆ ನೀಲಿಯನ್ನು ಕೊಂಡುತರಲು ಹೋದವರಲ್ಲಿ ನಾನೂ ಒಬ್ಬ. ಹಾಗಾಗಿ ಇದರಲ್ಲಿ ನಿನ್ನದು ಎಷ್ಟು, ನನ್ನದು ಎಷ್ಟು ಎಂದು ಕೂತು ಅಳೆಯುವುದು ಬೇಡ.

ಅಕ್ಕನಿಗೆ ನಾನೇನೂ ಹೇಳಿಲ್ಲ. ಅವಳ ವಿಳಾಸ ಕಾಗದದ ಹಿಂದೆ ಇದೆ. ನೀನೇ ಬರೆ. ಸರಿ ಮಾಡಲು ಹೋಗಬೇಡ ಅಮ್ಮ, ನಿನ್ನ ಕಾಲಿಗೆ ಬೀಳುತ್ತೇನೆ. ಇದೊಂದನ್ನು ಸರಿ ಮಾಡಬೇಡ.

ಮಗ


ಅಕ್ಟೋಬರ್ ೧೨

ಮಗಳೇ,

ನೀನು ಅವನಿಗೆ ಬರೆದ ಕಾಗದ ನನ್ನ ಹತ್ತಿರವಿದೆ. ಹತ್ತಿಯಲ್ಲಿ ಸುತ್ತಿ ಗುರಾಣಿಯವನನ್ನು ಕಳಿಸಿದ್ದೇನೆ. ಪೊಟ್ಟಣ ಬಿಚ್ಚುವ ಮೊದಲು ಇದನ್ನು ಓದು ಎಂದು ಮೇಲೆಯೇ ಇಟ್ಟಿದ್ದೇನೆ.

ನೀನು ಕೇಳಿದ ಗೆರೆ ಅದರ ಮೇಲಿಲ್ಲ. ಏಪ್ರಿಲಿನಲ್ಲಿ ನಾನು ಆ ಹೊದಿಕೆಗೆ ಪೂರ್ತಿ ಬಣ್ಣ ಹಚ್ಚಿಬಿಟ್ಟೆ. ಅಳಿಯಂದಿರ ಚೀಲದಲ್ಲಿದ್ದ ನೀಲಿಯನ್ನೇ ತೆಗೆದು ಹಚ್ಚಿದೆ. ಎರಡು ನೀಲಿ ಹೊಂದಲಿಲ್ಲ ಎಂದು ಅವರ ನೀಲಿಯ ಮೇಲೂ ಎಳೆದೆ. ಓರೆಯಾಗಿ ಹೋಗಿದ್ದ ಆ ಗೆರೆಯನ್ನು ನಾನು ಕಂಡಿದ್ದೆ. ಕೈ ತಪ್ಪಿದ್ದು ಎಂದುಕೊಂಡು, ಮೊದಲು ಅದನ್ನೇ ಮುಚ್ಚಿದೆ. ಬಹಳ ನೀಟಾಗಿ ಮುಚ್ಚಿದೆ.

ಯಾರೂ ನನ್ನನ್ನು ಮಾಡು ಎಂದಿರಲಿಲ್ಲ. ಅರ್ಧ ಇದ್ದದ್ದು ನನ್ನ ಕಣ್ಣಿಗೆ ಹಿಡಿಸಲಿಲ್ಲ, ಅಷ್ಟೇ. ಬಾಯಲ್ಲಿ ಒಂದು ಸಂದಿ ಕಂಡರೆ ಅಲ್ಲೊಬ್ಬರು ಇದ್ದರು ಎಂದು ನನಗೆ ತೋಚುವುದೇ ಇಲ್ಲ. ತುಂಬಬೇಕು ಎಂದು ಮಾತ್ರ ತೋಚುತ್ತದೆ. ಜೀವನವಿಡೀ ಅದನ್ನೇ ಮಾಡಿದ್ದೇನೆ. ನಿನ್ನನ್ನೂ ಹಾಗೇ ತುಂಬಿದೆ, ಒಂದು ದವಡೆಹಲ್ಲು ನಿಲ್ಲಿಸಿ.

ನಿನ್ನ ಕಾಗದ ಬಂದ ದಿನ ಅದನ್ನು ಲ್ಯಾಬಿಗೆ ತೆಗೆದುಕೊಂಡು ಹೋದೆ. ಬಣ್ಣ ಬಿಡಿಸುವ ದ್ರಾವಣ ಅಲ್ಲಿದೆ. ಬಟ್ಟಲಿಗೆ ಸುರಿದು, ಗೊಂಬೆಯನ್ನು ಚಿಮಟದಲ್ಲಿ ಹಿಡಿದು ನಿಂತೆ. ನನ್ನ ಬಣ್ಣ ಬಿಡುತ್ತದೆ, ಅದರ ಜೊತೆಗೆ ಅವರದೂ ಬಿಡುತ್ತದೆ. ಕೆಳಗೆ ಬರೀ ಬೂದು ಪ್ಲಾಸ್ಟಿಕ್ ಉಳಿಯುತ್ತದೆ. ಅಲ್ಲಿಂದ ಅರ್ಧ ನೀಲಿ ಹಚ್ಚಿ, ನಡುವೆ ಒಂದು ಗೆರೆಯನ್ನು ಓರೆಯಾಗಿ ಎಳೆಯುವುದು ನನ್ನ ಕೈಗೆ ಕಷ್ಟವಲ್ಲ. ನಿನಗೆ ಗೊತ್ತಾಗುತ್ತಿರಲಿಲ್ಲ. ನೀನು ಅದನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ. ನನಗೆ ಒಂದು ಕಾಗದವನ್ನೂ ಬರೆಯುತ್ತಿದ್ದೆ. ಇದೆಲ್ಲ ನನ್ನ ತಲೆಗೆ ಬಂತು ಮಗಳೇ, ಬರಲಿಲ್ಲ ಎಂದು ಹೇಳಲಾರೆ. ಬಟ್ಟಲನ್ನು ಮೋರಿಗೆ ಸುರಿದೆ.

ನೀನು ಇನ್ನು ಬರೆಯುವುದಿಲ್ಲ ಎಂದು ನನಗೆ ಗೊತ್ತು. ಬರೆ ಎಂದು ಕೇಳುವುದೂ ಇಲ್ಲ.

ಕಳಿಸುವ ಮೊದಲು ಹಣೆಗೆ ಭೂತಗನ್ನಡಿ ಕಟ್ಟಿಕೊಂಡು, ದೀಪದ ಕೆಳಗೆ ಹೊದಿಕೆಯ ಒಂದೊಂದು ಮಡಿಕೆಯನ್ನೂ ನೋಡಿದೆ. ಕುತ್ತಿಗೆಯ ಹಿಂದೆ, ನನ್ನ ಬ್ರಷ್ ಹೋಗದ ಕಡೆ ಅವರ ನೀಲಿ ಚೂರು ಉಳಿದಿದೆ ಎಂದು ನಿನಗೆ ಬರೆಯಬಹುದಿತ್ತು. ಉಳಿದಿಲ್ಲ.

ಅಮ್ಮ